ಜಪಾನಿನವನ ಟೇಪಿನಲ್ಲಿ ಮೇಯುವ ಸದ್ದು

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ನಾನು ಕಥೆ ಕಟ್ಟುವವಳಲ್ಲ. ಅರವತ್ತರ ದಶಕದ ಕೊನೆಯಲ್ಲಿ, ಸಾದಲಿಯ ನಮ್ಮ ಮನೆಯಲ್ಲಿ, ಕಿವಿಯಾರೆ ಕೇಳಿದ್ದನ್ನಷ್ಟೇ ಬರೆಯುತ್ತಿದ್ದೇನೆ.

ನಾನು ಗೌರಿಬಿದನೂರಿನ ಗುಮಾಸ್ತರ ಮಗಳು. ರೇಷ್ಮೆ ಸೀರೆ ಗೊತ್ತಿತ್ತೇ ಹೊರತು ರೇಷ್ಮೆ ಹುಳ ಗೊತ್ತಿರಲಿಲ್ಲ. ಮದುವೆಯಾಗಿ ಬಂದ ಮೇಲೆ ಗೊತ್ತಾಯಿತು. ಬಿದಿರಿನ ತಟ್ಟೆಗಳ ತುಂಬ ಬೆರಳುದ್ದದ ಬಿಳಿ ಹುಳಗಳು, ತಣ್ಣಗೆ, ಮೆತ್ತಗೆ... ಥೂ! ಅವನ್ನು ಮುಟ್ಟಿದ ಕೈಯಲ್ಲಿ ಮುದ್ದೆ ಮುರಿಯಲು ಹೇಸಿಗೆಯಾಗುತ್ತಿತ್ತು. ಹಿಕ್ಕೆಯ ವಾಸನೆ ಎಷ್ಟು ಒಗೆದರೂ ಸೆರಗು ಬಿಡುತ್ತಿರಲಿಲ್ಲ.

ಆ ಸಲ ಅತ್ತೆ ಕೈವಾರಕ್ಕೆ ಹೊರಟರು.

"ಹುಳ ಪೊರೆ ಬಿಟ್ಟು ನಾಲ್ಕನೇ ಜ್ವರ ಎದ್ದೈತೆ, ಇನ್ನೊಂದು ವಾರಕ್ಕೆ ಗೂಡು ಕಟ್ತೈತೆ. ಈ ಬೆಳೆ ನಿನ್ ಕೈಲೇ ಬಿಟ್ಟಿದೀನಿ ಕಣಮ್ಮ. ಹೊರಗಿನೋರ್ನ ಮಾತ್ರ ಹುಳದ ಮನೆ ಒಳಕ್ಕೆ ಬಿಡ್ಬೇಡ."

ನನ್ನ ಕೈಗೆ ಬಂದ ಮೊದಲ ಬೆಳೆ. ಗೆದ್ದರೆ ಆ ಮನೆಯಲ್ಲಿ ನನ್ನ ಮಾತಿಗೂ ಬೆಲೆ. ಸೋತರೆ ಜೀವಮಾನವೆಲ್ಲ ಮೂದಲಿಕೆ.

ಅದೇ ಸಂಜೆ, ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟರಾಗಿದ್ದ ನಮ್ಮವರು, ನಂದಿಯ ರೈಲು ನಿಲ್ದಾಣದಲ್ಲಿ ಸಿಕ್ಕ ಜಪಾನಿನವನೊಬ್ಬನನ್ನು ಕರೆತಂದರು. ಭುಜದವರೆಗೆ ಜಿಡ್ಡು ಕೂದಲು, ಸ್ನಾನ ಕಾಣದ ಮೈ, ಬಗಲಲ್ಲಿ ಟೇಪ್ ರೆಕಾರ್ಡರ್. ಊಟಕ್ಕೆ ಕೂತಾಗ ಅವನು ಹೇಳಿದ್ದನ್ನು ನಮ್ಮವರು ಕನ್ನಡ ಮಾಡಿ ಹೇಳಿದರು.

ಇವನೂ ಸೇರಿ ನಾಲ್ವರು ಕಾಲೇಜು ಹುಡುಗರು ವಾದ್ಯದ ತಂಡ ಕಟ್ಟಿದ್ದರಂತೆ. ಮೊದಮೊದಲು ಎಲ್ಲರಂತೆ ಹಾಡು. ಆಮೇಲೆ ಹಾಡನ್ನೂ ತಾಳವನ್ನೂ ಬಿಟ್ಟು, ಕರೆಂಟಿನ ಗಿಟಾರು ಊಳಿಡುವಂತೆ ಮಾಡಿ, ಕತ್ತಲಲ್ಲಿ ಗಂಟೆಗಟ್ಟಲೆ ನುಡಿಸುತ್ತಿದ್ದರು. ಕೇಳುವವರಿಗೆ ಕಣ್ಣೆದುರು ಬಣ್ಣಗಳು ಕಾಣುತ್ತಿದ್ದವಂತೆ! ಕೊನೆಯ ಸಲ ನುಡಿಸಿದ್ದನ್ನು ತುಂಬಿಕೊಂಡ ಟೇಪಿನಲ್ಲಿ, ವಾದ್ಯಗಳೆಲ್ಲ ನಿಂತ ಮೇಲೂ ಏನೋ ಮೇಯುವ ಸದ್ದು... ಅದನ್ನು ಕೇಳಿದ ಮೇಲೆ ಒಬ್ಬ ಊಟ ಬಿಟ್ಟ, ಇನ್ನಿಬ್ಬರು ಹೇಳದೆ ಕೇಳದೆ ಹೊರಟುಹೋದರು. ತಂಡ ಮುರಿಯಿತು. ಆ ಸದ್ದು ಯಾವುದೆಂದು ಇವನು ಎರಡು ವರ್ಷದಿಂದ ಹುಡುಕುತ್ತಿದ್ದ. ತನ್ನ ದೇಶದ ರೇಷ್ಮೆ ಹುಳಗಳು ಮೇಯುವ ಸದ್ದನ್ನೂ ಕೇಳಿ ನೋಡಿದ್ದನಂತೆ, ಅದಲ್ಲವಂತೆ.

"ನಮ್ ಹುಳ ಒಂದ್ಸಲ ತೋರ್ಸಣ ಕಣೇ. ಬೆಳಗ್ಗೆ ಹೊರಟೋಗ್ತಾನೆ."

"ಅತ್ತೆ ಬೇಡ ಅಂದಿದಾರೆ ಕಣ್ರೀ."

"ಅಮ್ಮಂಗೆ ಯಾರು ಹೇಳ್ತಾರೆ?"

ನನಗೂ ಆ ಕಟ್ಟುಪಾಡು ಸಾಕಾಗಿತ್ತು. ಬಾಗಿಲು ತೆರೆದೆ.

ರಾತ್ರಿಯ ಸೊಪ್ಪು ಹಾಕುತ್ತಿದ್ದಂತೆ ಸಾವಿರಾರು ಬಾಯಿಗಳು ಸರಸರ ಮೇಯತೊಡಗಿದವು. ಅವನು ಟೇಪು ಹಾಕಿದ. ಗಿಟಾರಿನ ಊಳು ಹುಳದ ಮನೆಯೆಲ್ಲ ತುಂಬಿತು. ಊಳು ನಿಂತಿತು... ಮೇಯುವ ಸದ್ದು. ಥೇಟ್ ನಮ್ಮ ಹುಳದ್ದೇ.

ಲಾಟೀನು ಎತ್ತಿ ನೋಡಿದೆ. ಒಂದು ಹುಳವೂ ಮೇಯುತ್ತಿರಲಿಲ್ಲ. ಎಲ್ಲವೂ ತಲೆ ಎತ್ತಿ ನಿಂತಿದ್ದವು. ಸದ್ದು ಟೇಪಿನಿಂದ ಮಾತ್ರ ಬರುತ್ತಿತ್ತು. ಅದರೊಳಗೆ ಒಬ್ಬ ಹೆಂಗಸು ಅಳುತ್ತಿದ್ದಳು.

"ಅತ್ತೆ... ಒಂದೂ ಉಳೀಲಿಲ್ಲ ಅತ್ತೆ!"

ಅದು ನನ್ನ ದನಿ. ಎರಡು ವರ್ಷದ ಹಿಂದೆ ಜಪಾನಿನಲ್ಲಿ ತುಂಬಿದ ಟೇಪಿನಲ್ಲಿ ನನ್ನದೇ ದನಿ! ನಮ್ಮವರು ನನ್ನ ಕೈ ಹಿಡಿದುಕೊಂಡರು.

ಟೇಪಿನೊಳಗೇ ಆ ಅಳುವಿಗೆ ಇನ್ಯಾರೋ ಉತ್ತರ ಕೊಟ್ಟರು, ಬಾಯಿ ತುಂಬ ಏನನ್ನೋ ಅಗಿಯುತ್ತಾ...

"ನೀನು ಉಳ್ದಿದೀಯಲ್ಲಮ್ಮ..."

ಜಪಾನಿನವನು ಟೇಪನ್ನು ಕಿತ್ತು ಕತ್ತಲಲ್ಲೇ ಓಡಿದ. ಮತ್ತೆ ಅವನ ಸುದ್ದಿಯಿಲ್ಲ.

ಬೆಳಗ್ಗೆ ತಟ್ಟೆಗಳ ತುಂಬ ಕರಿ ಲೋಳೆ, ಸೊಪ್ಪಿನಿಂದ ತೊಟ್ಟಿಕ್ಕುತ್ತಿತ್ತು. ಆ ನಾತಕ್ಕೆ ಹೊಸ್ತಿಲಲ್ಲೇ ವಾಂತಿ ಮಾಡಿಕೊಂಡೆ. ಹುಳಕ್ಕೆ ಸಪ್ಪೆ ರೋಗ ಬಂದರೆ ಕೊಳೆಯುತ್ತದೆ, ನಿಜ. ಆದರೆ ಒಂದೇ ರಾತ್ರಿಗೆ, ಅಷ್ಟೂ?

ಮಧ್ಯಾಹ್ನ ಅತ್ತೆ ಬಂದರು. ಬಾಗಿಲಲ್ಲಿ ನಿಂತು ಮೂಗು ಮುಚ್ಚಿಕೊಂಡು, "ಏನಾಯ್ತಮ್ಮ? ಹೇಳಮ್ಮ" ಎಂದರು. ಅಳುವಿನ ಜೊತೆ ಟೇಪಿನಲ್ಲಿ ಕೇಳಿದ ಅದೇ ಮಾತು ನಾಲಿಗೆಗೆ ಬಂತು. ಸೆರಗನ್ನು ಬಾಯಿಗೆ ತುರುಕಿಕೊಂಡೆ. ಅವರು ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ.

ಅತ್ತೆ ಮತ್ತೆಂದೂ ನನ್ನ ಕೈಗೆ ಬೆಳೆ ಕೊಡಲಿಲ್ಲ. ಬೆಳೆ ಕೊಳೆತರೂ ಒಂದು ಮಾತಾಡದ ಕಲ್ಲು ಮನಸ್ಸಿನವಳು ಎಂದು ಸಾಯುವ ತನಕ ಅಂದರು. ಅನ್ನಲಿ. ಟೇಪಿನಲ್ಲಿ ನನ್ನ ದನಿ ಆಡಿದ ಮಾತನ್ನು ಇಲ್ಲಿ ಬರೆದಿದ್ದೇನೆ, ಬಾಯಿಬಿಟ್ಟು ಇವತ್ತಿಗೂ ಆಡಿಲ್ಲ. ಆಡಿದರೆ ಉತ್ತರ ಬರುತ್ತದಲ್ಲ...