ಹೆಸರು ಬಿಚ್ಚುವ ವರ್ಲೀನ್

ಮಿಸ್ ವರ್ಲೀನ್ ದಿನಾ ಬೆಳಿಗ್ಗೆ ಕಾಫಿಗೂ ಮೊದಲು, ನಮ್ಮ ಕಾಲೇಜಿನ ಫುಟ್‌ಬಾಲ್ ತಂಡ ಬಿಟ್ಟುಹೋದ ಹುಡುಗರ ಅಂಗಿಗಳ ಬೆನ್ನಿಗೆ ಹೊಲಿದ ಹೆಸರು ಬಿಚ್ಚುತ್ತಾಳೆ. ಕತ್ತರಿ ಮುಟ್ಟುವುದಿಲ್ಲ, ಸೂಜಿಮೊನೆಯಿಂದ ಒಂದೊಂದೇ ಹೊಲಿಗೆ ಎತ್ತುತ್ತಾಳೆ. ಹುಡುಗರು ಇಷ್ಟಬಂದಂತೆ ಕಾಲೇಜು ಬದಲಿಸಬಹುದೆಂಬ ನಿಯಮ ಬಂದ ಮೇಲೆ ಅವಳು ಹೊಲಿದದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು. ಒಬ್ಬನಂತೂ ಅವನ ಹೆಸರಿನ ಕೊನೆಯ ಅಕ್ಷರ ಹೊಲಿಯುವಷ್ಟರಲ್ಲಿ ಅಲಬಾಮಾ ದಾಟಿ ಟೆಕ್ಸಾಸ್ ಸೇರಿದ್ದ. ಭಾನುವಾರ ಚರ್ಚಿನಲ್ಲಿ ನನ್ನ ಪಕ್ಕ ಕುಳಿತು ಊದಿದ ಬೆರಳುಗಳನ್ನು ನೀವಿಕೊಳ್ಳುತ್ತಾಳೆ. "ಕಾಲೇಜು ಬದಲಿಸಿದ್ರೆ ಒಂದು ವರ್ಷ ಆಡೋ ಹಾಗಿಲ್ಲ ಅನ್ನೋ ಹಳೇ ನಿಯಮ ಮತ್ತೆ ತರ್ತಾರಂತೆ. ನಿನ್ನ ಬೆರಳು ಬದುಕ್ತು ಬಿಡು" ಎಂದೆ ಒಮ್ಮೆ. "ಬೆರಳು ಹಾಳಾಗ್ಲಿ. ಅದು ಬರೋದೇ ಬೇಡ ಅಂತ ದೇವರನ್ನ ಬೇಡ್ಕೊಳ್ತಿದೀನಿ. ನನ್ನ ಮಗ ರಾಯ್ಸ್ ಆ ಒಂದು ವರ್ಷ ಬೆಂಚಿನ ಮೇಲೆ ಕೂತ. ಆಮೇಲೆ ಮೈದಾನಕ್ಕೆ ಇಳೀಲೇ ಇಲ್ಲ, ಓದೂ ಬಿಟ್ಟ" ಎಂದಳು. ಮೊನ್ನೆ ತಂಡದ ಸಾಮಾನು ನೋಡಿಕೊಳ್ಳುವ ಕೋಯ್ ಅವಳ ಕೈ ನೋಡಲಾರದೆ, ಹೆಸರು ಅಂಟಿಸುವ ಯಂತ್ರ ತರಿಸಿಕೊಡುತ್ತೇನೆ ಎಂದ. "ಒತ್ತಿದ್ರೆ ಅಂಟುತ್ತೆ, ಎಳೆದ್ರೆ ಬರುತ್ತೆ, ಅಮ್ಮಾ." ವರ್ಲೀನ್ ತಲೆ ಎತ್ತಲಿಲ್ಲ. "ಅಂಟಿನ ಕಲೆ ಹೋಗಲ್ಲ ಕಣೋ. ಹೊಸದಾಗಿ ಬರೋ ಹುಡುಗ ಇನ್ನೊಬ್ಬನ ಕಲೆ ಬೆನ್ನ ಮೇಲೆ ಹೊತ್ಕೊಂಡು ಓಡಬೇಕಾ? ಬೇಡಪ್ಪ."