ನಲವತ್ತು ನಿಮಿಷದ ತಪ್ಪಿಗೊಂದು ಪದವಿ

ಬೆಳಗಿನ ಐದೂವರೆ. ಆಸ್ಪತ್ರೆಯ ನೆಲಮಾಳಿಗೆಯ ತಂಪು ಸರ್ವರ್ ಕೋಣೆಯಲ್ಲಿ ಅವರು ಮೊಣಕಾಲೂರಿ ಕೂತು ನೀಲಿ ಕೇಬಲ್ಲೊಂದರ ಎರಡೂ ತುದಿಗೆ ಚೀಟಿ ಅಂಟಿಸುತ್ತಿದ್ದಾರೆ. ಎರಡು ತುದಿಯನ್ನೂ ಕಣ್ಣಾರೆ ನೋಡುವ ತನಕ ಯಾವ ಕೇಬಲ್ಲನ್ನೂ ಮುಟ್ಟುವುದಿಲ್ಲ. ವಯಸ್ಸು ನಲವತ್ತಾರು. ಕಂಪ್ಯೂಟರು ಜಾಲ ನೋಡಿಕೊಳ್ಳುವ ಇವರು ಆಸ್ಪತ್ರೆಗೆಲ್ಲ ‘ವೈರಮ್ಮ’. ಇವತ್ತು ಮಧ್ಯಾಹ್ನ ಮೂರಕ್ಕೆ ಇವರ ಎಂ.ಟೆಕ್. ಮೌಖಿಕ ಪರೀಕ್ಷೆ. ನೋಂದಣಿಯ ಅವಧಿ ಈ ವಾರಕ್ಕೆ ಮುಗಿಯುತ್ತದೆ, ಇವತ್ತು ಎಡವಿದರೆ ಐದು ವರ್ಷದ ಓದು ನೀರುಪಾಲು. ಆದರೂ ಪಾಳಿ ಬಿಟ್ಟಿಲ್ಲ, ಪುಣ್ಯಾತ್ಗಿತ್ತಿ!

ಏಳು ಅಂತಸ್ತು, ಆರುನೂರ ಹನ್ನೆರಡು ಕಂಪ್ಯೂಟರು, ದಿನಕ್ಕೆ ಕಡಿಮೆಯೆಂದರೂ ಹದಿನೈದು ದೂರು. ಅದರಲ್ಲಿ ಅರ್ಧಕ್ಕರ್ಧ ಯಾರೋ ಕುರ್ಚಿ ಎಳೆದು ವೈರು ಕಿತ್ತುಕೊಂಡದ್ದು. ಮೊದಲು ಇಲ್ಲೇ ಟೆಲಿಫೋನ್ ಆಪರೇಟರ್ ಆಗಿದ್ದರು. ಆ ಕೆಲಸವೇ ಇಲ್ಲವಾದಾಗ ನೆಟ್‌ವರ್ಕಿಂಗ್ ಕಲಿತು, ಎರಡು ಸಲ ಫೇಲಾಗಿ, ಮೂರನೆಯ ಸಲ ಸರ್ಟಿಫಿಕೇಟ್ ಗಿಟ್ಟಿಸಿದರು. ಆಮೇಲೆ ಸಂಜೆ ಕಾಲೇಜಿನಲ್ಲಿ ಬಿ.ಇ. ಮುಗಿಸಿ ಎಂ.ಟೆಕ್. ಸೇರಿದರು. ಪುಸ್ತಕ ಹಿಡಿದು ತೂಕಡಿಸಿದರೆ ಮನೆಯಲ್ಲಿ ಅತ್ತೆ ಪಾತ್ರೆ ಕುಟ್ಟುತ್ತಾರಂತೆ. “ಹೆತ್ತವಳು ಶಾಲೆಗೆ ಕಳಿಸಿದಳು, ಅತ್ತೆ ಕಾಲೇಜಿಗೆ ಕಳಿಸಿದರು” ಅನ್ನುತ್ತಾರೆ.

ಸರ್ಟಿಫಿಕೇಟ್ ಬಂದ ಹೊಸತು, ಹನ್ನೊಂದು ವರ್ಷದ ಹಿಂದಿನ ಮಾತು. ನೇತಾಡುತ್ತಿದ್ದ ಕೇಬಲ್ ತುದಿಯೊಂದು ಕಣ್ಣಿಗೆ ಬಿತ್ತು. ಅಚ್ಚುಕಟ್ಟಾಗಿರಲಿ ಅಂತ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ, ಎದುರಿದ್ದ ಪೆಟ್ಟಿಗೆಯ ಖಾಲಿ ಕಿಂಡಿಗೆ ಸಿಕ್ಕಿಸಿಬಿಟ್ಟರು. ಇನ್ನೊಂದು ತುದಿಯೂ ಅದೇ ಪೆಟ್ಟಿಗೆಯಲ್ಲಿತ್ತು! ಸಂದೇಶಗಳೆಲ್ಲ ಅಲ್ಲಲ್ಲೇ ಗಿರಕಿ ಹೊಡೆದು, ನಲವತ್ತು ನಿಮಿಷ ಇಡೀ ಆಸ್ಪತ್ರೆಯ ಕಂಪ್ಯೂಟರುಗಳು ಮಂಕು ಬಡಿದು ಕೂತವು. ಹತ್ತೊಂಬತ್ತು ನರ್ಸುಗಳು ರಕ್ತಪರೀಕ್ಷೆಯ ವರದಿಗಳನ್ನು ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿಳಿದರು. ಸದ್ಯ, ಯಾವ ರೋಗಿಗೂ ಏನೂ ಆಗಲಿಲ್ಲ. ಸಿಕ್ಕಿಸಿದ್ದನ್ನು ಯಾರೂ ನೋಡಿರಲಿಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಇವರು ತಾವಾಗಿಯೇ ಹೋಗಿ ಒಪ್ಪಿಕೊಂಡರು. ಮೇಲಧಿಕಾರಿ ಚೆನ್ನಾಗಿ ಬೈದು, ಆಮೇಲೆ ಒಂದು ನೋಟ್‌ಬುಕ್ ಕೊಟ್ಟು, ಆದದ್ದನ್ನೆಲ್ಲ ಬರೆದಿಡು ಅಂದರು.

ಅಂದಿನಿಂದ ಕೆಟ್ಟದ್ದು, ಸರಿಹೋದದ್ದು ಎಲ್ಲ ಬರೆದಿಡುತ್ತಾ ಬಂದರು. ಆ ನೋಟ್‌ಬುಕ್ಕೇ ಬೆಳೆದು ಈಗ ಎಂ.ಟೆಕ್. ಪ್ರಬಂಧವಾಗಿದೆ. ಮೊದಲ ಅಧ್ಯಾಯವೇ ಆ ನಲವತ್ತು ನಿಮಿಷ. ಮಾನ ಉಳಿಯಲಿ ಅಂತ ಮಾರ್ಗದರ್ಶಕರು ‘ಒಬ್ಬ ಉದ್ಯೋಗಿ’ ಎಂದು ಬರೆಸಿದ್ದಾರೆ.

ಮೂರೂಕಾಲಿಗೆ ಪರೀಕ್ಷಕರು ಸರಿಯಾಗಿ ಅದೇ ಪುಟ ತೆರೆಯುತ್ತಾರೆ. ಇಂಥ ತಪ್ಪು ಮಾಡಿದವರನ್ನು ಕೆಲಸದಲ್ಲಿ ಹೇಗೆ ಇಟ್ಟುಕೊಂಡರು ಅಂತ ಕೇಳುತ್ತಾರೆ. ಇವರ ಬಗ್ಗೆ ಬರೆಯಲೆಂದು ಬಂದು ಹಿಂದಿನ ಬೆಂಚಿನಲ್ಲಿ ಕೂತ ನಾನು ಪೆನ್ನು ಕೆಳಗಿಡುತ್ತೇನೆ.

“ಆ ಉದ್ಯೋಗಿ ನಾನೇ ಸರ್. ಇಟ್ಟುಕೊಂಡರು, ಅದಕ್ಕೇ ಇವತ್ತು ಇಲ್ಲಿ ನಿಂತಿದೀನಿ.”

ಪರೀಕ್ಷಕರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. ಇನ್ನೊಂದು ಗಂಟೆ ಬೆವರಿಳಿಸಿಯೇ ಪಾಸು ಮಾಡುತ್ತಾರೆ. ತಿದ್ದುಪಡಿ ಒಂದೇ: ‘ಒಬ್ಬ ಉದ್ಯೋಗಿ’ ಇದ್ದಲ್ಲೆಲ್ಲ ‘ನಾನು’ ಅಂತಾಗಬೇಕು.

ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಮೇಲಧಿಕಾರಿ ಇದ್ದಾರೆ, ಅತ್ತೆ ಇದ್ದಾರೆ, ಆ ಹತ್ತೊಂಬತ್ತು ನರ್ಸುಗಳೂ ಒಬ್ಬರು ಬಿಡದಂತೆ ಇದ್ದಾರೆ. ಇನ್ನೇನು ಆಸೆ ಅಂತ ಕೇಳಿದರೆ ವೈರಮ್ಮ ಮೇಜಿನ ಖಾನೆ ಎಳೆದು, ಒಂದಕ್ಷರವೂ ಬರೆಯದ ಹೊಸ ನೋಟ್‌ಬುಕ್ ತೋರಿಸುತ್ತಾರೆ.

“ಮುಂದೆ ಯಾರಾದರೂ ತಪ್ಪು ಮಾಡಿ, ತಾವಾಗೇ ಬಂದು ನನ್ನ ಹತ್ತಿರ ಹೇಳಿದ್ರೆ, ಇದು ಅವರಿಗೆ.”