ಗೊಲ್ಲಾಳಪ್ಪ ಕೆರೆದ ದೋಣಿ

ದೋಣಿಯ ಬಗ್ಗೆ ನನಗೆ ಏನೂ ಗೊತ್ತಿಲ್ಲ. ಇವತ್ತು ಈ ಮಾತನ್ನು ಸಲೀಸಾಗಿ ಬರೆಯುತ್ತಿದ್ದೇನೆ. ಹೋದ ವರ್ಷ ಮೇ ತಿಂಗಳಲ್ಲಿ, ಹೈದರಾಬಾದಿನ ಸನತ್‌ನಗರದ ಒಂದು ಶೆಡ್ಡಿನಲ್ಲಿ, ಕೇಳಬೇಕಾದವನು ಎದುರು ನಿಂತು ಕೇಳಿದಾಗ ಮಾತ್ರ ಇದೇ ಮಾತು ಬಾಯಿಂದ ಹೊರಡಲಿಲ್ಲ. ಅದರ ಪೆಟ್ಟು ತಿಂದವನು ಗೊಲ್ಲಾಳಪ್ಪ. ಆದ್ದರಿಂದ ಇದು ಅವನ ಕಥೆ. ನಡುನಡುವೆ ನನ್ನದೂ ಬಂದರೆ ಸಹಿಸಿಕೊಳ್ಳಬೇಕು.

ನಮ್ಮಜ್ಜ ನಿಜಾಮರ ಕಾಲದಲ್ಲಿ ಕಲಬುರಗಿಯಿಂದ ಹೈದರಾಬಾದಿಗೆ ನೌಕರಿಗೆಂದು ಬಂದವರು. ಅಪ್ಪನೂ ಸರ್ಕಾರಿ ನೌಕರ, ನಾನೂ ಅದೇ. ನೀರಾವರಿ ಇಲಾಖೆಯಲ್ಲಿ ಮೂವತ್ನಾಲ್ಕು ವರ್ಷ ಕಡತ ತಿರುವಿ ನಿವೃತ್ತನಾದ ಮರುವರ್ಷ ಅದೇನು ತಲೆ ಕೆಟ್ಟಿತೋ, ಗೋವಾದ ಕಡೆಯಿಂದ ಬಂದ ಒಂದು ಹಳೆಯ ಫೈಬರ್ ಹಾಯಿದೋಣಿ ಕೊಂಡೆ. ಹುಸೇನ್ ಸಾಗರದಲ್ಲಿ ಸಂಜೆ ಹೊತ್ತು ಗಾಳಿಗೆ ಹಾಯಿ ಬಿಚ್ಚಿ ಓಡಾಡುವ ಆಸೆ. ಈಜು ಬರದವರಿಗೆ ದೋಣಿ ಯಾಕೆ ಎಂದು ನನ್ನ ಹೆಂಡತಿ ಸಂಪದಾ ಕೇಳಿದ್ದಳು. ಇನ್ನೂ ಉತ್ತರ ಹುಡುಕುತ್ತಿದ್ದೇನೆ.

ದೋಣಿಯ ಕೆಳಮೈಗೆ, ಅಂದರೆ ನೀರಿನೊಳಗೆ ಮುಳುಗಿರುವ ಭಾಗಕ್ಕೆ, ಪಾಚಿ ಹಿಡಿಯದಂತೆ ಬಳಿದ ಬಣ್ಣ ಪದರ ಪದರವಾಗಿ ಎದ್ದಿತ್ತು. ಒಬ್ಬೊಬ್ಬ ಹಳೆಯ ಮಾಲೀಕನೂ ಹಿಂದಿನವನ ಬಣ್ಣ ತೆಗೆಯದೆ ಅದರ ಮೇಲೇ ತನ್ನದನ್ನು ಮೆತ್ತಿದ್ದ. ಎಲ್ಲವನ್ನೂ ತೆಗೆದು ಹೊಸದಾಗಿ ಮಾಡಿಸಿ ಎಂದು ಮಾರಿದವನು ಹೇಳಿದ್ದ. ಕೆರೆಯ ದಂಡೆಯಲ್ಲಿ ವಿಚಾರಿಸಿದಾಗ ವಿಶ್ವಜಿತ್ ಎಂಬವನ ಶೆಡ್ ತೋರಿಸಿದರು. ಅವನದು ಫೈಬರ್ ಕೆಲಸ. ನೀರಿನ ಟ್ಯಾಂಕು, ಉದ್ಯಾನದ ಜಾರುಬಂಡೆ ಮಾಡುತ್ತಾನೆ, ಬೇಸಿಗೆಯಲ್ಲಿ ದೋಣಿಗಳ ರಿಪೇರಿಯನ್ನೂ ಹಿಡಿಯುತ್ತಾನೆ. ನನ್ನ ದೋಣಿಯನ್ನು ಅಲ್ಲಿ ಹಳೆಯ ಟಯರುಗಳ ಮೇಲೆ ಬೋರಲು ಹಾಕಿ, ಗೊಲ್ಲಾಳಪ್ಪನ ಕೈಗೆ ಒಪ್ಪಿಸಿದರು.

ಗೊಲ್ಲಾಳಪ್ಪನಿಗೆ ಐವತ್ತರ ಆಸುಪಾಸು. ಶಹಾಪುರದ ಕಡೆಯವನು, ಮೀಸೆ ಮೂಡುವ ವಯಸ್ಸಿನಲ್ಲಿ ಈ ಊರಿಗೆ ಬಂದು ಇಪ್ಪತ್ತೈದು ವರ್ಷ ಗೋಡೆ ಕೆರೆದವನು. ಹೊಸ ಬಣ್ಣ ಬಳಿಯುವವರನ್ನು ಜನ ನೋಡುತ್ತಾರೆ, ಹಳೆಯದನ್ನು ಕೆರೆಯುವವನನ್ನು ಯಾರೂ ನೋಡುವುದಿಲ್ಲ. ಅಬಿಡ್ಸಿನ ಹಳೆಯ ಕಟ್ಟಡಗಳ ಸುಣ್ಣ, ಬೇಗಂ ಬಜಾರಿನ ಗೋದಾಮುಗಳ ಡಿಸ್ಟೆಂಪರ್, ಆಮೇಲೆ ಅಪಾರ್ಟ್‌ಮೆಂಟುಗಳು, ಆಮೇಲೆ ಮುಗಿಲು ಮುಟ್ಟುವ ಗೋಪುರಗಳು. ಊರು ಎತ್ತರಕ್ಕೆ ಹೋದಂತೆ ಇವನೂ ಹಗ್ಗಕ್ಕೆ ಕಟ್ಟಿದ ಹಲಗೆಯ ಮೇಲೆ ಕೂತು ಎತ್ತರಕ್ಕೆ ಹೋದ. ಆರು ವರ್ಷದ ಹಿಂದೆ ಹದಿನಾಲ್ಕನೆಯ ಮಹಡಿಯಲ್ಲಿ ಒಂದು ಹಗ್ಗ ಜಾರಿತು. ಅರ್ಧ ಗಂಟೆ ಒಂದೇ ಹಗ್ಗಕ್ಕೆ ಜೋತುಬಿದ್ದಿದ್ದವನನ್ನು ಕೆಳಗಿಳಿಸಿದರು. ಮೈಗೆ ಏನೂ ಆಗಿರಲಿಲ್ಲ, ಆದರೆ ಅಂದಿನಿಂದ ಎತ್ತರಕ್ಕೆ ಹೋದರೆ ಕೈ ನಡುಗುತ್ತದೆ. ಇನ್ನು ಹಗ್ಗ ಮುಟ್ಟುವುದಿಲ್ಲ ಎಂದು ಹೆಂಡತಿ ಪಾರ್ವತೆಮ್ಮ ಆಣೆ ಹಾಕಿಸಿಕೊಂಡಳು. ಹಾಗೆ ಅವನು ನೆಲದ ಮೇಲಿನ ಕೆಲಸ ಹುಡುಕಿಕೊಂಡು ವಿಶ್ವಜಿತನ ಶೆಡ್ಡಿಗೆ ಬಂದ.

ಅಲ್ಲಿ ಅದುವರೆಗೆ ಟ್ಯಾಂಕುಗಳ ಅಚ್ಚು ಉಜ್ಜುವುದೇ ಅವನ ಕೆಲಸವಾಗಿತ್ತು. ಒಂದಿಡೀ ದೋಣಿ ಕೈಗೆ ಬಂದದ್ದು ಇದೇ ಮೊದಲು. ಟ್ಯಾಂಕಿನ ಕೆಲಸ ಇಳಿದಿದೆ, ಇದನ್ನು ಚೆನ್ನಾಗಿ ಮಾಡಿದರೆ ಬೇಸಿಗೆಯ ದೋಣಿಗಳೆಲ್ಲ ನಿನ್ನವೇ, ಕೆಟ್ಟರೆ ನಿನಗೆ ಇಲ್ಲಿ ಬೇರೆ ಕೆಲಸವಿಲ್ಲ ಎಂದು ವಿಶ್ವಜಿತ್ ಕಡ್ಡಿ ಮುರಿದಂತೆ ಹೇಳಿದ್ದ. ಶೆಡ್ ಬಿಟ್ಟರೆ ಗೊಲ್ಲಾಳಪ್ಪನಿಗೆ ಗೊತ್ತಿದ್ದದ್ದು ಹಗ್ಗ ಒಂದೇ.

ಅವನ ಕೆಲಸ ನೋಡುವಂಥದ್ದು. ಕೆರೆಯುವ ಪಟ್ಟಿಯ ಎರಡೂ ಮೂಲೆಗಳನ್ನು ಮೊದಲು ಕಲ್ಲಿಗೆ ಉಜ್ಜಿ ದುಂಡಗೆ ಮಾಡಿಕೊಂಡ, ಮೂಲೆ ಚೂಪಾಗಿದ್ದರೆ ದೋಣಿಯ ಮೈಗೆ ಗೀರು ಬೀಳುತ್ತದೆ. ಬಣ್ಣದ ಧೂಳು ವಿಷ ಎಂದು ಸದಾ ನೀರು ಹನಿಸುತ್ತಲೇ ಕೆರೆದ. ಕೆರೆದಲ್ಲಿ ವಾಟರ್ ಪೇಪರಿನಿಂದ, ಅಂದರೆ ನೀರಿನಲ್ಲಿ ಅದ್ದಿದ ಉಜ್ಜುಕಾಗದದಿಂದ, ಉಜ್ಜಿ, ಕಣ್ಣು ಮುಚ್ಚಿ ಅಂಗೈ ಆಡಿಸುತ್ತಿದ್ದ. ನನ್ನ ಕಣ್ಣಿಗೆ ನುಣ್ಣಗೆ ಕಂಡ ಜಾಗದಲ್ಲಿ ಅವನ ಅಂಗೈ ನಿಂತುಬಿಡುತ್ತಿತ್ತು. ಹಳೆಯದು ಉಗುರಿನಷ್ಟೂ ಉಳಿಯಬಾರದು, ಗಾರೆ ಕಾಣುವತನಕ ಕೆರೆಯಬೇಕು ಎಂಬುದು ಗೋಡೆಯ ಕೆಲಸದಲ್ಲಿ ಅವನು ಕಲಿತ ಪಾಠ. ಆದರೆ ದೋಣಿಯಲ್ಲಿ ಗಾರೆ ಯಾವುದು?

ಮೊದಲ ದಿನವೇ ನಾನು ಫೋನಿನಲ್ಲಿ ಸಂಪದಾಳ ಹತ್ತಿರ ಕನ್ನಡದಲ್ಲಿ ಗೊಣಗುತ್ತಿದ್ದದ್ದನ್ನು ಕೇಳಿ ಅವನು ಪಟ್ಟಿ ಕೆಳಗಿಟ್ಟು ಎದ್ದು ಬಂದಿದ್ದ. ಆ ಶೆಡ್ಡಿನಲ್ಲಿ ಎಲ್ಲರದೂ ತೆಲುಗು, ಹಿಂದಿ. ಅವತ್ತಿನಿಂದ ದಿನವೂ ಹನ್ನೊಂದಕ್ಕೆ ನಾನು ಹಾಜರು, ಇಬ್ಬರಿಗೂ ಚಹಾ, ಒಂದಿಷ್ಟು ಮಾತು. ನೀರಾವರಿ ಇಲಾಖೆ ಎಂದದ್ದೇ ತಡ, ಅವನು ನನ್ನನ್ನು ಇಂಜಿನೇರ್ ಸಾಹೇಬ್ರು ಎಂದು ಕರೆಯತೊಡಗಿದ. ನಾನು ತಿದ್ದಲಿಲ್ಲ. ಮೂವತ್ನಾಲ್ಕು ವರ್ಷ ಇಂಜಿನಿಯರುಗಳ ಕಡತ ಹೊತ್ತವನಿಗೆ ಆ ಹೆಸರು ಕಿವಿಗೆ ಹಿತವಾಗಿತ್ತು.

ಎಂಟನೆಯ ದಿನ ಹೋದಾಗ ಗೊಲ್ಲಾಳಪ್ಪ ಕೆಲಸ ನಿಲ್ಲಿಸಿ ಕೂತಿದ್ದ. ಕಪ್ಪು ಹೋಗಿತ್ತು, ನೀಲಿ ಹೋಗಿತ್ತು, ಇಟ್ಟಿಗೆಗೆಂಪು ಹೋಗಿತ್ತು. ಕೆಳಗೆ ಒಂದು ಮಾಸಲು ಬಿಳಿ ಬಂದಿತ್ತು. ಅದು ಬಣ್ಣವೋ ದೋಣಿಯ ಮೈಯೋ ಅವನಿಗೆ ತಿಳಿಯುತ್ತಿಲ್ಲ. ವಿಶ್ವಜಿತ್ ಹತ್ತು ಹೆಜ್ಜೆ ದೂರದ ಕೋಣೆಯಲ್ಲೇ ಇದ್ದ. ಆದರೆ ಅವನ ಮುಂದೆ ಅರ್ಧ ಹಿಂದಿ ಅರ್ಧ ತೆಲುಗಿನಲ್ಲಿ ಈ ಸಂದೇಹವನ್ನು ಬಿಡಿಸಿ ಹೇಳಲು ಬರುವುದಿಲ್ಲ, ಇಷ್ಟೂ ಗೊತ್ತಿಲ್ಲವೇ ಅಂದಾನು ಎಂಬ ಅಂಜಿಕೆ ಬೇರೆ. ತನ್ನ ಭಾಷೆಯ ಇಂಜಿನಿಯರ್ ಬರಲಿ ಎಂದು ಕಾದಿದ್ದ.

ನಾನು ಬಗ್ಗಿ ನೋಡಿದೆ. ಬೆರಳಿನಿಂದ ಮುಟ್ಟಿದೆ. ಏನು ನೋಡಬೇಕು ಎಂಬುದೇ ಹೊಳೆಯಲಿಲ್ಲ. ಬಿಳಿ ಎಂದಮೇಲೆ ಯಾರೋ ಬಳಿದದ್ದೇ ಇರಬೇಕು ಅನಿಸಿತು, ಮರುಕ್ಷಣ ಹಾಗಿಲ್ಲದೆಯೂ ಇರಬಹುದು ಅನಿಸಿತು. ಅವನು ನನ್ನ ಮುಖವನ್ನೇ ನೋಡುತ್ತಿದ್ದ.

"ಬಣ್ಣಾನ ಅದ," ಅಂದೆ. "ತೆಗಿ."

"ಒಂದೀಟು ಒಣಗಾ ಉಜ್ಜಿ ನೋಡಿದ್ನಿರಿ ಸಾಹೇಬ್ರ, ಧೂಳು ಬ್ಯಾರೆ ಬರಾಕತ್ತೈತಿ. ಬಣ್ಣದ ಧೂಳು ಕಾಗದಕ್ಕ ಮೆತ್ತಿಕೊಂತೈತಿ. ಇದು ಹಿಟ್ಟಿನಂಗ ಉದುರಾಕತ್ತೈತಿ."

"ಹಳೇ ಬಣ್ಣ ಹಂಗ ಇರ್ತದ. ತೆಗಿ ನೀ."

ಅವನು ಇನ್ನೊಮ್ಮೆ ಅಂಗೈ ಆಡಿಸಿದ. ಆಮೇಲೆ ತಲೆಯಾಡಿಸಿ ಕಾಗದ ಕೈಗೆ ತೆಗೆದುಕೊಂಡ. ನಾನು ಚಹಾ ಮುಗಿಸಿ ಮನೆಗೆ ಹೋದೆ.

ಮರುದಿನ ನಾನು ಹೋಗುವ ಹೊತ್ತಿಗೆ ಒಂದು ಮಗ್ಗುಲಿನ ಅರ್ಧದಷ್ಟು ಬಿಳಿ ಹೋಗಿ, ಬೂದು ಬಣ್ಣದ ನೇಯ್ಗೆಯ ಎಳೆಗಳು ಎದ್ದು ಕಾಣುತ್ತಿದ್ದವು. ಚಹಾ ಕೈಗೆ ಬರುವಷ್ಟರಲ್ಲಿ ವಿಶ್ವಜಿತ್ ಹೊರಗೆ ಬಂದ, ನೋಡಿದ, ತಲೆಯ ಮೇಲೆ ಕೈ ಇಟ್ಟುಕೊಂಡ. ಆ ಬಿಳಿ ಬಣ್ಣವೇ ಅಲ್ಲವಂತೆ. ದೋಣಿ ಮಾಡುವಾಗ ಎಲ್ಲಕ್ಕಿಂತ ಮೊದಲು ಅಚ್ಚಿಗೆ ಬಳಿಯುವ ಗಟ್ಟಿ ಪದರವಂತೆ, ಹೆಸರು ಜೆಲ್‌ಕೋಟ್. ಅದರ ಹಿಂದೆ ಫೈಬರ್ ಬಟ್ಟೆ ಕೂರಿಸುತ್ತಾರೆ. ನೀರು ಒಳಗೆ ಇಳಿಯದಂತೆ ತಡೆಯುವುದು ಅದೊಂದೇ. ಇವನು ದೋಣಿಯ ತೊಗಲನ್ನೇ ಸುಲಿದಿದ್ದಾನೆ ಎಂದು ವಿಶ್ವಜಿತ್ ಹಿಂದಿಯಲ್ಲಿ ಕೂಗಾಡಿದ. ಇದನ್ನು ತೆಗೆ ಎಂದು ನಿನಗೆ ಹೇಳಿದವರು ಯಾರು ಎಂದು ಕೇಳಿದ.

ಹಿಂದಿನ ದಿನದ ಮಾತು ಕನ್ನಡದಲ್ಲಿ ನಡೆದಿತ್ತು. ಅಲ್ಲಿದ್ದ ಬೇರೆ ಯಾರಿಗೂ ಅದು ತಿಳಿದಿರಲಿಲ್ಲ. ಗೊಲ್ಲಾಳಪ್ಪ ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ಯಾರೂ ಹೇಳಲಿಲ್ಲ, ತನಗೇ ತಿಳಿಯಲಿಲ್ಲ ಎಂದ.

ನಾನು ಚಹಾದ ಗ್ಲಾಸು ಹಿಡಿದು ನಿಂತಿದ್ದೆ. ವಿಶ್ವಜಿತ್ ನನ್ನ ಕಡೆ ತಿರುಗಿ ಕೈಮುಗಿದು ಕ್ಷಮೆ ಕೇಳಿದ. ಇರಲಿ ಬಿಡಿ, ಮನುಷ್ಯರಿಂದಲೇ ತಪ್ಪಾಗುತ್ತದೆ ಎಂದು ನಾನು ದೊಡ್ಡ ಮನಸ್ಸು ಮಾಡಿದೆ. ಹೌದು, ಹಾಗೇ ಅಂದೆ. ಬರೆಯುವಾಗ ಈಗಲೂ ಮೈ ಪರಚಿಕೊಳ್ಳುವಂತಾಗುತ್ತದೆ.

ನಾಲ್ಕು ದಿನ ಆ ಕಡೆ ತಲೆ ಹಾಕಲಿಲ್ಲ. ಗೊಲ್ಲಾಳಪ್ಪ ಯಾಕೆ ನನ್ನ ಹೆಸರು ಹೇಳಲಿಲ್ಲ ಎಂಬುದು ಬಗೆಹರಿಯಲಿಲ್ಲ. ದೊಡ್ಡವರು ಎಂಬ ಮರ್ಯಾದೆಯೇ? ಅಥವಾ ನಾನೇ ಬಾಯಿ ಬಿಡಲಿ ಎಂದು ಕಾದನೇ? ಸಂಪದಾಳಿಗೂ ಹೇಳಲಿಲ್ಲ. ಐದನೆಯ ದಿನ ಶೆಡ್ಡಿಗೆ ಹೋದರೆ ದೋಣಿಗೆ ಪ್ಲಾಸ್ಟಿಕ್ ಹೊದಿಸಿತ್ತು, ಗೊಲ್ಲಾಳಪ್ಪ ಇರಲಿಲ್ಲ. ಅವನನ್ನು ಬಿಡಿಸಿದೆ, ಬೇರೆಯವನನ್ನು ಹುಡುಕುತ್ತಿದ್ದೇನೆ ಎಂದ ವಿಶ್ವಜಿತ್.

ಗೊಲ್ಲಾಳಪ್ಪನ ಮನೆ ಶೆಡ್ಡಿನ ಹಿಂದಿನ ಗಲ್ಲಿಯಲ್ಲೇ, ಒಂದು ಕೋಣೆ. ಪಾರ್ವತೆಮ್ಮ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ನಾನು ದೋಣಿಯವನು ಎಂದು ಹೇಳಿಕೊಂಡ ಕೂಡಲೇ ಎದ್ದು ನಿಂತಳು. ಗಂಡ ಮೊನ್ನೆಯಿಂದ ಗಚ್ಚಿಬೌಲಿಯಲ್ಲಿ ಯಾವುದೋ ಗೋಪುರದ ಕೆಲಸಕ್ಕೆ ಹೋಗುತ್ತಿದ್ದಾನೆ ಎಂದಳು.

"ಮತ್ತ ಹಗ್ಗಕ್ಕ ಹೋಗ್ಯಾನ್ರಿ," ಅಂದಳು. "ಮನಿಗೆ ಬಂದ್ರ ರೊಟ್ಟಿ ಮುರಿಯಾಕ ಕೈ ನಿಲ್ಲವಲ್ದು. ಶೆಡ್ಡಿನಾಗ ಏನ ತಪ್ಪಾತು ಅಂತ ಕೇಳಿದ್ರ ಬಾಯಿ ಬಿಡವಲ್ಲ. ನಿಮಗೇನರ ಗೊತ್ತೈತೇನ್ರಿ?"

ಈಗ ಬಂದೆ ಎಂದಷ್ಟೇ ಹೇಳಿ ಶೆಡ್ಡಿಗೆ ವಾಪಸು ನಡೆದೆ. ವಿಶ್ವಜಿತನ ಮುಂದೆ ನಿಂತು, ಬಿಳಿ ತೆಗೆ ಎಂದವನು ನಾನು, ಅವನು ಎರಡು ಸಲ ಅನುಮಾನಿಸಿದರೂ ಹಟ ಹಿಡಿದವನು ನಾನು, ನಾನು ಇಂಜಿನಿಯರೂ ಅಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಅವತ್ತೇ ಯಾಕೆ ಹೇಳಲಿಲ್ಲ ಎಂದು ವಿಶ್ವಜಿತ್ ಕೇಳಲಿಲ್ಲ, ಕೇಳಿದ್ದರೆ ಚೆನ್ನಾಗಿತ್ತು. ಫೋನ್ ತೆಗೆದು ಗೊಲ್ಲಾಳಪ್ಪನಿಗೆ ಇಳಿದು ಬಾ ಎಂದ.

ಮರುದಿನ ಬೆಳಿಗ್ಗೆ ಅವನು ಬಂದ. ಎಳೆ ಕಾಣುತ್ತಿದ್ದ ಜಾಗವನ್ನು ಒಣಗಲು ಬಿಟ್ಟು, ಎಪಾಕ್ಸಿ ಅಂಟು ಹೀರಿಸಿ, ತಗ್ಗುಗಳಿಗೆ ಲಪ್ಪಂ ಎಂಬ ಮೆತ್ತುವ ಪುಟ್ಟಿ ತುಂಬಿ ಉಜ್ಜಿದ. ಹೊಸ ಜೆಲ್‌ಕೋಟ್ ಹಾಕುವಾಗ ವಿಶ್ವಜಿತ್ ಪಕ್ಕದಲ್ಲೇ ನಿಂತು ತೋರಿಸಿದ. ಮೂರು ವಾರ ಹಿಡಿಯಿತು. ಕೊನೆಯ ದಿನ ಕೆಳಮೈ ಎಷ್ಟು ನುಣುಪಾಗಿತ್ತೆಂದರೆ ಹೊಸದು ಯಾವುದು, ಹಳೆಯದು ಯಾವುದು ಎಂದು ವಿಶ್ವಜಿತನಿಗೂ ಬೆರಳಿಟ್ಟು ತೋರಿಸಲು ಆಗಲಿಲ್ಲ. ಇನ್ನು ಮುಂದೆ ಬೇಸಿಗೆಯ ದೋಣಿಗಳು ಗೊಲ್ಲಾಳಪ್ಪನವೇ ಎಂದು ಅಲ್ಲೇ ತೀರ್ಮಾನವಾಯಿತು.

ಎಲ್ಲರೂ ಊಟಕ್ಕೆ ಹೋದಮೇಲೆ ನಾನು ಕೇಳಿಯೇಬಿಟ್ಟೆ. ಅವತ್ತು ಯಾಕೆ ನನ್ನ ಹೆಸರು ಹೇಳಲಿಲ್ಲ? ಸಾಹೇಬರ ಮರ್ಯಾದೆ ಎಂದೇನಾದರೂ ಅಂದಾನು ಎಂದುಕೊಂಡಿದ್ದೆ.

ಗೊಲ್ಲಾಳಪ್ಪ ಪಟ್ಟಿಯನ್ನು ಅರಿವೆಯಿಂದ ಒರೆಸುತ್ತ ಕೂತಿದ್ದ. "ಹೇಳಿದ್ರ ನೀವು ಇಲ್ಲ ಅಂತೀರಿ ಅಂತ ಅಂಜಿದ್ನಿರಿ," ಅಂದ. "ನೀವು ಇಲ್ಲ ಅಂದಿದ್ರ, ಆಮ್ಯಾಲ ನಿಮ್ಮ ಕೂಡ ನಾ ಹೆಂಗ ಮಾತಾಡ್ಲಿ? ಇಲ್ಲೆ ಕನ್ನಡ ಆಡಾಕ ನನಗ ನೀವೊಬ್ರ ಇದ್ರಿ."

ಛೆ, ಹಾಗೆಲ್ಲ ಅನ್ನುತ್ತಿರಲಿಲ್ಲಪ್ಪ ಎಂದು ಹೇಳಲು ಬಾಯಿ ತೆರೆದೆ. ಅವತ್ತು ಇರಲಿ ಬಿಡಿ ಎಂದದ್ದೂ ಇದೇ ಬಾಯಿ. ಅವನು ಕಾಯಲಿಲ್ಲ, ಕೈ ತೊಳೆಯಲು ಎದ್ದು ಹೋದ.